ಮಾಳವ್ವನ ಕೊಟ್ಟಿಗೆ ಮುಂದಿನ ಫೋಟೋ

ಬೆಳ್ಳಟ್ಟಿ, ತಾ. ಶಿರಹಟ್ಟಿ
5 ಜನವರಿ 2024
(ಸಂಸ್ಥೆಯ ಬೆಟಗೇರಿ ಕಚೇರಿಯ ಮೂಲಕ)

ದಾನಿ ಅಮ್ಮನವರ ಪಾದಗಳಿಗೆ ನಮಸ್ಕಾರ.

ನಾನು ನೇತ್ರಾ. ನಾನು ಈಗ ಹತ್ತನೆಯ ತರಗತಿಯಲ್ಲಿ ಓದುತ್ತಿದ್ದೇನೆ. ನಮ್ಮ ಮನೆಯಲ್ಲಿ ಬಹಳ ಬಡತನವಿದೆ. ನಿಮ್ಮ ದಯೆಯಿಂದ ನನಗೆ ಪುಸ್ತಕ, ಚೀಲ, ಊಟ ಸಿಗುತ್ತಿದೆ. ನೀವು ನಮ್ಮ ಪಾಲಿನ ದೇವರು. ನನಗೆ ಹೂವು, ಹಸಿರು ಬಣ್ಣ ಮತ್ತು ಆಟ ಇಷ್ಟ. ನಮ್ಮ ಊರಿನಲ್ಲಿ ಮಳೆ ಚೆನ್ನಾಗಿ ಆಗಿದೆ. ನಿಮ್ಮ ಉಪಕಾರವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಇದರ ಜೊತೆ ನನ್ನ ಈ ವರ್ಷದ ಫೋಟೋ ಇದೆ.

ನಿಮ್ಮ ಋಣದಲ್ಲಿರುವ
ನೇತ್ರಾ ಮೂಕಪ್ಪ


ಸೋಲಾಪುರ
22 ಜನವರಿ 2024

ಚಿ. ನೇತ್ರಾಗೆ ಭಾಗೀರಥಿಬಾಯಿಯ ಆಶೀರ್ವಾದ.

ನಿನ್ನ ಪತ್ರವನ್ನು ತಿದ್ದಿ ಇದರ ಜೊತೆ ವಾಪಸು ಕಳಿಸಿದ್ದೇನೆ. ಕೆಂಪು ಶಾಯಿ ಕಂಡು ಬೇಸರ ಮಾಡಿಕೊಳ್ಳಬೇಡ. ಇಲ್ಲಿನ ಕನ್ನಡ ಶಾಲೆಯಲ್ಲಿ ಇಡೀ ಆಯುಷ್ಯ ಮಕ್ಕಳ ಬರಹ ತಿದ್ದಿದ ಕೈ ಇದು, ನಿವೃತ್ತಿಯಾದರೂ ಸುಮ್ಮನೆ ಕೂಡುವುದಿಲ್ಲ. ನನ್ನನ್ನು ದೇವರು ಎಂದು ಬರೆಯಬೇಡ, ಮುಜುಗರವಾಗುತ್ತದೆ. ಆದರೆ ಹಾಗೆ ಬರೆಯಬೇಕೆಂದು ನಿನ್ನ ಮನಸ್ಸಿಗೆ ಬಂತಲ್ಲ, ಅದಕ್ಕೆ ಸಂತೋಷ. ಆ ಸಾಲನ್ನು ಮಾತ್ರ ತಿದ್ದಿಲ್ಲ.

ಒಂದು ಮಾತು ಕೇಳಲೇಬೇಕು. ಪ್ರತಿ ದೀಪಾವಳಿಗೂ ನಿನಗೆಂದು ಬಟ್ಟೆ ಕಳಿಸುತ್ತೇನೆ. ಪ್ರತಿ ಫೋಟೋದಲ್ಲೂ ನೀನು ಮಾಸಿದ ಬಟ್ಟೆಯಲ್ಲೇ, ಅದೇ ಮುರುಕಲು ಬಾಗಿಲ ಮುಂದೆ ನಿಂತಿರುತ್ತೀ. ನಿನ್ನ ತಾಯಿ ಆ ಬಟ್ಟೆಯನ್ನು ಏನು ಮಾಡುತ್ತಾಳೆ? ಮಾರುತ್ತಾಳೇನು? ಊರಿನ ಹೆಣ್ಣುಮಕ್ಕಳ ಸಂಘ ಕಟ್ಟಿದ್ದೇವೆ, ತಮ್ಮ ಕಾಲ ಮೇಲೆ ತಾವು ನಿಲ್ಲುವುದನ್ನು ಕಲಿಸುತ್ತಿದ್ದೇವೆ ಎಂದು ಕಚೇರಿಯವರು ವರ್ಷ ವರ್ಷ ಬರೆಯುತ್ತಾರೆ. ಆ ಸುಧಾರಣೆ ನಿಮ್ಮ ಮನೆಯ ಬಾಗಿಲಿಗೆ ಯಾಕೆ ಬಂದಿಲ್ಲ?

ನಾನೂ ಗದಗದಲ್ಲೇ ಹುಟ್ಟಿದವಳು. ನಮ್ಮ ತಂದೆ ಪಾಂಡುರಂಗರಾಯರು ಗುಡಿಯ ಸೇವೆ ಮಾಡಿಕೊಂಡು ನಮ್ಮನ್ನು ಓದಿಸಿದರು. ಬಡತನ ನನಗೂ ಗೊತ್ತು. ಆದರೆ ನಾವು ಹರಿದದ್ದನ್ನು ಹೊಲಿದು ಉಡುತ್ತಿದ್ದೆವು. ನಿನ್ನ ತಾಯಿಗೆ ಇದನ್ನು ಓದಿ ಹೇಳು.

ಭಾಗೀರಥಿಬಾಯಿ


ಬೆಳ್ಳಟ್ಟಿ
18 ಜೂನ್ 2024

ಭಾಗೀರಥಿ ಬಾಯಾರಿಗೆ ನೇತ್ರಾ ಮಾಡುವ ನಮಸ್ಕಾರ.

ಈ ಪತ್ರ ಕಚೇರಿಯ ಕೈಯಿಂದ ಬಂದದ್ದಲ್ಲ. ನಾನೇ ಬರೆದು ಶಿರಹಟ್ಟಿಯಲ್ಲಿ ಪೋಸ್ಟಿಗೆ ಹಾಕುತ್ತಿದ್ದೇನೆ. ಕಚೇರಿಯವರು ಯಾವಾಗಲೂ ನಿಮ್ಮ ಪತ್ರವನ್ನು ಲಕೋಟೆಯಿಂದ ತೆಗೆದು ಕೊಡುತ್ತಾರೆ. ಈ ಸಲ ಮರೆತು ಲಕೋಟೆ ಸಮೇತ ಕೊಟ್ಟರು, ಅದರ ಹಿಂದೆ ನಿಮ್ಮ ವಿಳಾಸ ಇತ್ತು. ಪರೀಕ್ಷೆ ಮುಗಿಯಲಿ ಎಂದು ಇಷ್ಟು ದಿನ ಸಿಟ್ಟು ತಡೆದುಕೊಂಡೆ. ಈಗ ಎಸ್ಸೆಸ್ಸೆಲ್ಸಿ ಪಾಸಾಗಿ ಶಿರಹಟ್ಟಿಯ ಕಾಲೇಜಿಗೆ ಸೇರಿದ್ದೇನೆ.

ನಮ್ಮ ಅವ್ವ ಬಟ್ಟೆ ಮಾರುವುದಿಲ್ಲ. ನೀವು ಕಳಿಸಿದ ಪ್ರತಿಯೊಂದು ಬಟ್ಟೆಯನ್ನೂ ಹಬ್ಬದಲ್ಲಿ ಉಟ್ಟಿದ್ದೇನೆ, ಶಾಲೆಗೆ ಉಟ್ಟುಹೋಗಿದ್ದೇನೆ, ಸಣ್ಣದಾದ ಮೇಲೆ ಪಕ್ಕದ ಮನೆಯ ಸಪ್ನಾಗೆ ಕೊಟ್ಟಿದ್ದೇನೆ. ಫೋಟೋಕ್ಕೆ ಮಾತ್ರ ಉಡುವ ಹಾಗಿಲ್ಲ. ಯಾಕೆಂದು ಕೇಳಿ.

ಆಗ ನನಗೆ ಒಂಬತ್ತು ವರ್ಷ. ನಿಮಗೆ ಕಳಿಸುವ ಮೊದಲನೇ ಫೋಟೋ ಎಂದು ಅವ್ವ ಬೆಟಗೇರಿಯಿಂದ ಖಣ ತಂದು ಪರಕಾರ ಪೋಲಕಾ ಹೊಲಿಸಿದ್ದಳು. ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ಅಬ್ಬಲಿಗೆ ಮುಡಿಸಿ ಕಳಿಸಿದಳು. ಸಂಸ್ಥೆಯ ಕೆಲಸಗಾರ ಮೌನೇಶ ಮಾಮಾ ನನ್ನನ್ನು ನೋಡಿದವನೇ ತಲೆ ಕೆರೆದುಕೊಂಡ. ಅವನ ಬ್ಯಾಗಿನಲ್ಲಿ ಒಂದು ಹಳದಿ ಫ್ರಾಕು ಇರುತ್ತದೆ, ಬಣ್ಣ ಹೋದದ್ದು, ಬಗಲಲ್ಲಿ ಹರಿದದ್ದು. ಅದು ಸಂಸ್ಥೆಯ ಫ್ರಾಕು. ಮುಂಡರಗಿ ಕಡೆಯ ಹಳ್ಳಿಯ ಹುಡುಗಿಯರಿಗೂ ಅದೇ, ನಮಗೂ ಅದೇ. ಪರಕಾರ ಬಿಚ್ಚಿಸಿ ಅದನ್ನು ಹಾಕಿಸಿದ. ಹೂವು ತೆಗೆಸಿದ. ಜಡೆ ಕೆದರಿಸಿದ. ಆಮೇಲೆ ಪಕ್ಕದ ಮನೆಯ ಮಾಳವ್ವನ ದನದ ಕೊಟ್ಟಿಗೆಯ ಮುಂದೆ ನಿಲ್ಲಿಸಿ, "ನಗಬ್ಯಾಡ ಅವ್ವಿ" ಎಂದ. ದೊಡ್ಡವಳಾದ ಮೇಲೆ ಫ್ರಾಕು ಹೋಗಿ ಮಾಸಿದ ಚೂಡಿದಾರ ಬಂತು, ಅದೂ ಅವರದೇ. ನೀವು ನಮ್ಮ ಮನೆಯ ಬಾಗಿಲು ಎಂದುಕೊಂಡದ್ದು ಕೊಟ್ಟಿಗೆಯ ಬಾಗಿಲು. ಅಲ್ಲಿ ಎಮ್ಮೆ ಇರುತ್ತದೆ, ನಾವಲ್ಲ.

ನಮ್ಮ ಮನೆ ಬೇರೆ. ಮೂರು ವರ್ಷದ ಹಿಂದೆ ಕಟ್ಟಿದೆವು. ಎರಡು ಖೋಲಿ, ಮುಂದೆ ಕಟ್ಟೆ, ಬಾಗಿಲಿಗೆ ನೀಲಿ ಬಣ್ಣ. ಅವ್ವ, ಹುಚ್ಚವ್ವ ಎಂದು ಅವಳ ಹೆಸರು, ರೊಟ್ಟಿ ಸಂಘದ ಅಧ್ಯಕ್ಷೆ. ಸಂಘದವರು ಬಡಿದ ಖಡಕ್ ರೊಟ್ಟಿ ಲಕ್ಷ್ಮೇಶ್ವರ, ಗದಗದ ಖಾನಾವಳಿಗಳಿಗೆ ಹೋಗುತ್ತದೆ. ಅಪ್ಪ ಟೆಂಪೋದಲ್ಲಿ ಒಯ್ದು ಮುಟ್ಟಿಸುತ್ತಾನೆ. ಸಂಘ ಕಟ್ಟಲು ಕಲಿಸಿದ್ದು ಸಂಸ್ಥೆಯವರೇ, ಸುಳ್ಳು ಹೇಳುವುದಿಲ್ಲ. ಆದರೆ ಕಲಿತವರ ಮನೆ ಫೋಟೋದಲ್ಲಿ ಬರಬಾರದಂತೆ. ಈ ವರ್ಷ ಜನವರಿಯಲ್ಲಿ ಅವ್ವ ಮೌನೇಶ ಮಾಮಾಗೆ, "ನಾವು ಕಷ್ಟಪಟ್ಟು ಮನಿ ಕಟ್ಟೇವಿ. ನನ್ನ ಮಗಳು ಕೊಟ್ಟಿಗಿ ಮುಂದ ಯಾಕ ನಿಂದರಬೇಕು?" ಎಂದು ಕೇಳಿದಳು. "ಯಕ್ಕಾ, ಮ್ಯಾಲಿನವರು ಹೇಳ್ಯಾರ, ನಾ ಏನ್ ಮಾಡ್ಲಿ" ಎಂದ. ಪತ್ರವನ್ನೂ ಅವನೇ ಹೇಳಿ ಬರೆಸುತ್ತಾನೆ. ಮಳೆ ಚೆನ್ನಾಗಿ ಆಗಿದೆ ಎಂದು ಬರೆಸಿದ. ಹೋದ ವರ್ಷ ಮಳೆ ಎಲ್ಲಿತ್ತು? ನೀವು ತಿದ್ದದೆ ಬಿಟ್ಟ ಸಾಲನ್ನೂ ಅವನೇ ಬರೆಸಿದ್ದು.

ಆದ್ದರಿಂದ ಖರೇ ಫೋಟೋ ಕಳಿಸಿದ್ದೇನೆ. ನಮ್ಮ ಮನೆ, ಕಟ್ಟೆಯ ಮೇಲೆ ನಾನು ಮತ್ತು ಅವ್ವ. ನಾನು ಉಟ್ಟದ್ದು ಹೋದ ದೀಪಾವಳಿಗೆ ನೀವು ಕಳಿಸಿದ ಹಸಿರು ಚೂಡಿದಾರ. ನೋಡಿ ಖುಷಿಪಡುತ್ತೀರಿ ಎಂದು ಅವ್ವ ಅಂದಳು.

ಒಂದೇ ವಿನಂತಿ. ಕಚೇರಿಗೆ ಇದನ್ನು ಬರೆಯಬೇಡಿ. ಮಾಳವ್ವನ ಮೊಮ್ಮಗಳು ಸಪ್ನಾಗೆ ಈಗ ತಾನೇ ಸಹಾಯ ಶುರುವಾಗಿದೆ. ಎಂಟು ವರ್ಷದ ಹುಡುಗಿ, ತಾಯಿ ಇಲ್ಲ, ತಂದೆ ಎಲ್ಲಿದ್ದಾನೋ ಗೊತ್ತಿಲ್ಲ. ತಿಂಗಳು ತಿಂಗಳು ಅದು ಬಂದರೆ ಮಾಳವ್ವ ಅವಳನ್ನು ಕೂಲಿಗೆ ಕರೆದುಕೊಂಡು ಹೋಗುವುದಿಲ್ಲ, ಅವಳು ಶಾಲೆಯಲ್ಲಿ ಉಳಿಯುತ್ತಾಳೆ. ನನ್ನ ಬಾಯಿಯಿಂದ ಅವಳಿಗೆ ಕೇಡಾಗಬಾರದು.

ನೇತ್ರಾ


ಸೋಲಾಪುರ
2 ಜುಲೈ 2024

ಕುಮಾರಿ ನೇತ್ರಾ ಮೂಕಪ್ಪ,

ಫೋಟೋ ತಲುಪಿತು. ಚೆಂದದ ಮನೆ. ನನ್ನ ಎರಡು ಖೋಲಿಯ ಬಾಡಿಗೆ ಮನೆಗಿಂತ ಚೆಂದ. ಪಿಂಚಣಿಯಲ್ಲಿ ಬದುಕುವವಳು ನಾನು. ನನ್ನ ಔಷಧವನ್ನು ಮುಂದೂಡಿದ್ದೇನೆ, ನಿನ್ನದನ್ನು ಒಂದು ತಿಂಗಳೂ ಮುಂದೂಡಿಲ್ಲ. ಪ್ರತಿ ರಾತ್ರಿ ಆ ಮುರುಕಲು ಬಾಗಿಲ ಮುಂದಿನ ಹುಡುಗಿಯನ್ನು ನೆನೆದು ಮಲಗಿದ್ದೇನೆ. ಈಗ ನೀನು, ಅಲ್ಲಿ ಎಮ್ಮೆ ಇರುತ್ತದೆ ಎಂದು ನಗೆಯಾಡುತ್ತೀ.

ಮೂರು ವರ್ಷ! ಮೂರು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿ, ಈಗ ಎಲ್ಲವನ್ನೂ ಸಂಸ್ಥೆಯ ತಲೆಗೆ ಕಟ್ಟುತ್ತೀಯಾ? ಆ ಸಂಸ್ಥೆಯನ್ನು ನಡೆಸುವವರು ಎಂಥವರು ಎಂದು ನನಗೆ ನಿನಗಿಂತ ಚೆನ್ನಾಗಿ ಗೊತ್ತು. ಅವರು ಹಾಗೆ ಮಾಡುವವರಲ್ಲ.

ನೀನು ಬೇಡವೆಂದರೂ ಕಚೇರಿಗೆ ಬರೆದಿದ್ದೇನೆ. ಕಣ್ಣಾರೆ ಕಂಡ ಸುಳ್ಳನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ. ನಿನ್ನ ಹೆಸರು ತೆಗೆದು ನಿಜವಾದ ಬಡ ಮಗುವನ್ನು ಕೊಡಿ ಎಂದೆ. ಅವರು ಎಂಟು ದಿನದೊಳಗೆ ಇನ್ನೊಂದು ಹುಡುಗಿಯ ಫೋಟೋ ಕಳಿಸಿದರು. ಅದೇ ನಿನ್ನ ಸಪ್ನಾ! ಅದೇ ಬಾಗಿಲು, ಅದೇ ಹಳದಿ ಫ್ರಾಕು, ಬಗಲಲ್ಲಿ ಹರಿದದ್ದೂ ಅದೇ. ನಿನ್ನ ಹಳೆಯ ಫ್ರಾಕನ್ನು ಆ ಕೂಸಿಗೆ ತೊಡಿಸಿ ನಿಲ್ಲಿಸಲು ನಿಮಗೆ ನಾಚಿಕೆಯಾಗಲಿಲ್ಲವೇ? ನಿನ್ನ ತಾಯಿಗೆ ಸಂಘ ಕಟ್ಟಲು ಬರುತ್ತದೆ, ರೊಟ್ಟಿ ಮಾರಲು ಬರುತ್ತದೆ, ಜೊತೆಗೆ ಈ ನಾಟಕವೂ ಬರುತ್ತದೆ.

ನಿನ್ನ ಪತ್ರವನ್ನು ತಿದ್ದಿಲ್ಲ. ತಿದ್ದುವ ಮನಸ್ಸಾಗಲಿಲ್ಲ.

ಭಾಗೀರಥಿಬಾಯಿ


ಬೆಳ್ಳಟ್ಟಿ
28 ಜುಲೈ 2024

ಭಾಗೀರಥಿ ಬಾಯಾರಿಗೆ,

ಬರೆಯಬೇಡಿ ಅಂದದ್ದನ್ನೇ ಬರೆದಿರಿ. ಆದದ್ದನ್ನು ಕೇಳಿರಿ.

ಮೌನೇಶ ಮಾಮಾ ಹೋದ ವಾರ ಬಂದ. ಸಂಘದ ಹೆಂಗಸರೆಲ್ಲ ರೊಟ್ಟಿ ಬಡಿಯುತ್ತ ಕೂತಿದ್ದರು. ನನ್ನ ಹೆಸರು ತೆಗೆದಿದ್ದಾರೆ ಎಂದು ಹೇಳಿದ. ಅವ್ವ, "ಆತು, ತಗೀಲಿ. ನಮಗ ಈಗ ಅದು ಬೇಕಾಗಿಲ್ಲ" ಎಂದಳು. ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಿಮ್ಮ ಪತ್ರದಲ್ಲಿದ್ದ ನಾಟಕದ ಮಾತನ್ನು ನಾನು ಅವಳಿಗೆ ಓದಿ ಹೇಳಿದ್ದೆ. ಅವ್ವ ಎದ್ದು ಹಿಟ್ಟಿನ ಕೈಯಲ್ಲೇ ಅವನ ಬ್ಯಾಗಿನಿಂದ ಆ ಫ್ರಾಕು ಕಸಿದುಕೊಂಡಳು. "ಇದನ್ನ ಇನ್ನ ಯಾವ ಕೂಸಿಗೂ ಹಾಕ್ಸೂದಿಲ್ಲ. ನಿಮ್ಮ ಸಾಹೇಬರಿಗೆ ಹೇಳು, ಬೇಕಾದ್ರ ತಾವ ಹಾಕ್ಕೊಂಡು ನಿಂದರ್ಲಿ" ಎಂದಳು. ಅವನು ಇಸಿದುಕೊಳ್ಳಲು ಬಂದರೆ ಲಟ್ಟಣಿಗೆ ತೋರಿಸಿದಳು.

ನಾಲ್ಕು ದಿನಕ್ಕೆ ಕಚೇರಿಯಿಂದ ಆದೇಶ ಬಂತು. ಬೆಳ್ಳಟ್ಟಿಯವರು ಶಿಸ್ತು ಮೀರಿದ್ದಾರಂತೆ, ಅದಕ್ಕೆ ಊರಿನ ಎಲ್ಲ ಮಕ್ಕಳ ಸಹಾಯ ನಿಲ್ಲಿಸಿದ್ದಾರಂತೆ. ಸಪ್ನಾಳದ್ದೂ.

ಈಗ ಹೆಂಗಸರ ಸಿಟ್ಟೆಲ್ಲ ನನ್ನ ಮೇಲೆ. "ಈಕಿ ಶಾಣ್ಯಾತನ ನಮ್ಮ ಮಕ್ಕಳ ಹೊಟ್ಟಿ ಮ್ಯಾಲ ಬಿತ್ತು" ಎನ್ನುತ್ತಾರೆ. ಆದೇಶ ಬಂದ ಮರುದಿನ ಬೆಳಿಗ್ಗೆ ಮಾಳವ್ವ ಸಪ್ನಾಳನ್ನು ಕರೆದುಕೊಂಡು ಕಳೆ ತೆಗೆಯಲು ಹೊರಟಳು. ಆ ಹುಡುಗಿ ನನ್ನನ್ನು ನೋಡಿ, "ಅಕ್ಕಾ, ನಾ ಫೋಟೋದಾಗ ನಕ್ಕಿದ್ದಿಲ್ಲ, ಆದ್ರೂ ಯಾಕ ಬಿಡಿಸಿದ್ರು?" ಎಂದು ಕೇಳಿದಳು. ನೀವೇ ಉತ್ತರ ಹೇಳಿರಿ, ಶಾಲೆಯಲ್ಲಿ ಕಲಿಸಿದ ಬಾಯಾರು ನೀವು.

ಇನ್ನೊಂದು ಮಾತು. ಮೌನೇಶ ಮಾಮಾ ಹೋಗುವಾಗ ಅಳುಮೋರೆ ಮಾಡಿ, "ಸಾಹೇಬರ ಅಕ್ಕಾರ ಬರದಾರ, ಇನ್ನ ನನ್ನ ನೌಕರಿ ಉಳಿಯೂದಿಲ್ಲ" ಎಂದ. ಅಂದರೆ ಸಂಸ್ಥೆಯ ಕಾರ್ಯದರ್ಶಿ ಸಂಜೀವರಾಯರು ನಿಮ್ಮ ಸ್ವಂತ ತಮ್ಮ. ನಡೆಸುವವರು ಎಂಥವರು ಎಂದು ಚೆನ್ನಾಗಿ ಗೊತ್ತು ಎಂದಿರಲ್ಲ, ಈಗ ಅರ್ಥವಾಯಿತು. ಇಷ್ಟು ವರ್ಷ ನನ್ನ ತಪ್ಪನ್ನೆಲ್ಲ ತಿದ್ದಿದಿರಿ. ಒಂದು ಸಲವಾದರೂ, ಇದು ನನ್ನ ತಮ್ಮನ ಸಂಸ್ಥೆ ಎಂದು ಬರೆಯಬಹುದಿತ್ತು.

ಹೋಗಿ ಅವರನ್ನು ಕೇಳಿ. ನನಗಾಗಿ ಬೇಡ, ಸಪ್ನಾಗಾಗಿ.

ನೇತ್ರಾ


ಬೆಳ್ಳಟ್ಟಿ
2 ಸೆಪ್ಟೆಂಬರ್ 2024

ನಿಮ್ಮ ಉತ್ತರ ಇಲ್ಲ. ಸಪ್ನಾ ಶಾಲೆಗೆ ಹೋಗುತ್ತಿಲ್ಲ. ಕಳೆ ಮುಗಿಯಿತು, ಈಗ ಮಾಳವ್ವನ ಜೊತೆ ಉಳ್ಳಾಗಡ್ಡಿ ಕೀಳಲು ಹೋಗುತ್ತಾಳೆ. ನಿಮಗೆ ಗೊತ್ತಿರಲಿ ಎಂದು ಬರೆದೆ.

ನೇತ್ರಾ


ಸೋಲಾಪುರ
19 ಸೆಪ್ಟೆಂಬರ್ 2024

ನೇತ್ರಾ,

ಸಂಜೀವ ನನ್ನ ತಮ್ಮ. ಮುಚ್ಚಿಟ್ಟೆ ಎನ್ನಬೇಡ, ನೀನು ಕೇಳಿರಲಿಲ್ಲ.

ಉತ್ತರ ತಡವಾದದ್ದಕ್ಕೆ ಮಂಡಿನೋವು ಒಂದು ಕಾರಣ, ಅವನೊಡನೆ ಫೋನಿನಲ್ಲಿ ಮೇಲಿಂದ ಮೇಲೆ ಜಗಳವಾಡಿದ್ದು ಇನ್ನೊಂದು. ಫ್ರಾಕಿನ ವಿಷಯ ಕೇಳಿದೆ. ಇಲ್ಲ ಎನ್ನುತ್ತಾನೆ ಎಂದು ನಂಬಿದ್ದೆ. ಅವನು ನಕ್ಕ. "ಅಕ್ಕಾ, ಹೊಸಾ ಮನಿ ಫೋಟೋ ನೋಡಿ ಯಾರು ಕೊಡ್ತಾರ? ಮಂದಿ ಕಣ್ಣಾಗ ನೀರು ಬರಬೇಕು, ಆವಾಗ ಕೈ ಕಿಸೆಕ್ಕ ಹೋಗ್ತದ. ನೀನರೆ ಯಾಕ ಕೊಟ್ಟಿ?" ಎಂದ. ಫೋನು ಕುಕ್ಕಿದೆ.

ಆದರೂ ಒಂದು ಮಾತು ತಿಳಿದುಕೋ. ಅವನು ಆ ಹಣವನ್ನು ತಿಂದವನಲ್ಲ. ತಂದೆ ಹೋದ ಮೇಲೆ ಗದಗದಲ್ಲಿ ನಮ್ಮ ಮನೆತನದ ಹೆಸರು ಉಳಿದಿದ್ದೇ ಅವನ ಈ ಕೆಲಸದಿಂದ. ನಿಮ್ಮ ಸಂಘಕ್ಕೆ ರೊಟ್ಟಿ ಸುಡುವ ಮೊದಲ ಹಂಚು, ಮೊದಲ ಒಲೆ ಕೊಡಿಸಿದವನು ಅವನೇ. ಇದನ್ನು ನೀನು ಮರೆಯಬಾರದು.

ಅಕ್ಟೋಬರ್ ಆರರಂದು ಗದಗದ ಕಲ್ಯಾಣಮಂಟಪದಲ್ಲಿ ದಾನಿಗಳ ಸಮಾವೇಶವಿದೆ. ನನ್ನನ್ನೂ ಕರೆದಿದ್ದಾರೆ. ಬರುತ್ತೇನೆ. ಎಲ್ಲರೆದುರು ಎದ್ದು ನಿಂತು, ಬೆಳ್ಳಟ್ಟಿಯ ಮಕ್ಕಳನ್ನು ಯಾಕೆ ಬಿಡಿಸಿದಿರಿ ಎಂದು ಕೇಳುತ್ತೇನೆ. ನಿನ್ನ ತಾಯಿಗೂ ಹೇಳು. ಕೊಟ್ಟ ಮಾತಿಗೆ ತಪ್ಪುವವಳು ನಾನಲ್ಲ.

ಭಾಗೀರಥಿಬಾಯಿ


ಬೆಳ್ಳಟ್ಟಿ
8 ಅಕ್ಟೋಬರ್ 2024

ಬಾಯಾರೆ,

ಮೊನ್ನೆ ಸಮಾವೇಶದಲ್ಲಿ ನಾವೂ ಇದ್ದೆವು. ನಿಮಗೆ ಗೊತ್ತಾಗಲಿಲ್ಲ.

ಅಲ್ಲಿನ ಅಡುಗೆಯ ಗುತ್ತಿಗೆ ಹಿಡಿದ ಗವಿಸಿದ್ದೇಶಣ್ಣ ನಮ್ಮ ಹಳೆಯ ಗಿರಾಕಿ. ಊಟಕ್ಕೆ ನಮ್ಮ ಸಂಘದ್ದೇ ರೊಟ್ಟಿ ಹೇಳಿದ್ದ. ಅಪ್ಪನ ಟೆಂಪೋದಲ್ಲಿ ಬುಟ್ಟಿಗಳನ್ನು ಹೇರಿಕೊಂಡು ನಾನು, ಅವ್ವ, ಮಾಳವ್ವ ಹೋದೆವು. ಮುಂಬಾಗಿಲಲ್ಲಿ ಮೌನೇಶ ಮಾಮಾ ನಿಂತಿದ್ದ, ಹಿಂದಿನಿಂದ ಬರ್ರಿ ಎಂದು ಕೈ ಮಾಡಿದ. ಅಡುಗೆಮನೆಯ ಬಾಗಿಲಿನಿಂದ ಸಭೆ ಕಾಣುತ್ತಿತ್ತು. ಮೊದಲ ಸಾಲಿನಲ್ಲಿ ನೀವು ಕೂತಿದ್ದಿರಿ, ಕುತ್ತಿಗೆಗೆ ಹಾರ, ಹೆಗಲಿಗೆ ಶಾಲು. ಯಾರೋ ನಿಮ್ಮ ಹೆಸರು ಕೂಗಿದಾಗ ಗುರುತು ಸಿಕ್ಕಿತು.

ಆಮೇಲೆ ಪರದೆಯ ಮೇಲೆ ಫೋಟೋ ತೋರಿಸಿದರು. ಗೋಡೆಯಷ್ಟು ದೊಡ್ಡದಾಗಿ ನಾನು. ಒಂಬತ್ತು ವರ್ಷದವಳು, ಹಳದಿ ಫ್ರಾಕು, ಕೆದರಿದ ತಲೆ, ಹಿಂದೆ ಮಾಳವ್ವನ ಕೊಟ್ಟಿಗೆ. ನಿಮ್ಮ ತಮ್ಮ ಮೈಕಿನಲ್ಲಿ, ಈ ಮಗುವಿನ ಮನೆ ಹೀಗಿತ್ತು, ಇಂದು ಇವರ ತಾಯಿ ಸ್ವಾವಲಂಬಿ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಳವ್ವ ನನ್ನ ಪಕ್ಕದಲ್ಲಿ ನಿಂತು, "ಅಯ್ಯ, ನಮ್ಮ ಎಮ್ಮಿ ಕೊಟ್ಟಿಗಿ!" ಎಂದು ಜೋರಾಗಿ ಅಂದುಬಿಟ್ಟಳು. ಅಡುಗೆಯವರು ನಕ್ಕರು. ನನಗೆ ನಗು ಬರಲಿಲ್ಲ. ಪರದೆಯ ಹತ್ತಿರ ಓಡಿಹೋಗಿ ಕೂಗಬೇಕು ಅನಿಸಿತು. ಅವ್ವ ನನ್ನ ರಟ್ಟೆ ಹಿಡಿದು, "ತಡಿ. ಆಕಿ ಎದ್ದು ಕೇಳ್ತೀನಿ ಅಂದಾಳಲ್ಲ. ದೊಡ್ಡಾಕಿ, ಆಕಿ ಮಾತಿಗೆ ತೂಕ ಇರತೈತಿ. ಆಕಿ ಕೇಳ್ಲಿ" ಎಂದಳು.

ನಾವು ಕಾದೆವು. ನಿಮ್ಮ ಕೈಗೆ ಮೈಕು ಕೊಟ್ಟರು. ನೀವು ಎದ್ದು ನಿಂತಿರಿ. ನಮ್ಮ ತಂದೆಯವರ ಆತ್ಮಕ್ಕೆ ಇವತ್ತು ಸಂತೋಷವಾಗಿರಬೇಕು ಎಂದು ಹೇಳಿ ಕೂತುಬಿಟ್ಟಿರಿ.

ಊಟಕ್ಕೆ ಬಡಿಸುವವರು ಕಡಿಮೆ ಬಿದ್ದಾಗ ಅವ್ವನೇ ರೊಟ್ಟಿ ಬುಟ್ಟಿ ಹಿಡಿದು ಪಂಕ್ತಿಗೆ ಬಂದಳು. ನಿಮ್ಮ ಎಲೆಗೆ ರೊಟ್ಟಿ ಹಾಕಿದಳು. ನೀವು ಪಕ್ಕದವರ ಜೊತೆ ಮಾತಾಡುತ್ತ, "ರೊಟ್ಟಿ ಭಾಳ ತೆಳ್ಳಗ ಆಗ್ಯಾವ, ಇನ್ನೊಂದು ಹಾಕವಾ" ಎಂದಿರಿ. ಅವ್ವ ಹಾಕಿದಳು. ನಾನು ಕಳಿಸಿದ ಫೋಟೋದಲ್ಲಿ ಅವ್ವ ಇದ್ದಳು, ಬಾಯಾರೆ. ನೀವು ಅದರಲ್ಲಿ ಮನೆ ನೋಡಿದ್ದಿರಿ, ಬಾಗಿಲ ಬಣ್ಣ ನೋಡಿದ್ದಿರಿ, ಅವಳ ಮುಖ ನೋಡಿರಲಿಲ್ಲ.

ನಿಮ್ಮ ತಮ್ಮನ ಮೇಲೆ ನನಗೆ ಇಷ್ಟು ಸಿಟ್ಟಿಲ್ಲ. ಅವರು ನನಗೆ ಯಾವ ಮಾತೂ ಕೊಟ್ಟಿರಲಿಲ್ಲ.

ನೇತ್ರಾ


ಸೋಲಾಪುರ
30 ಅಕ್ಟೋಬರ್ 2024

ನೇತ್ರಾ,

ನಾಳೆ ದೀಪಾವಳಿ. ಈ ಸಲ ನಿನಗೆ ಬಟ್ಟೆ ಕಳಿಸಿಲ್ಲ. ಕಳಿಸಿದ್ದರೆ ನೀನು ವಾಪಸು ಕಳಿಸುತ್ತಿದ್ದೆ.

ಹದಿನಾರು ವರ್ಷದ ಹುಡುಗಿಯಿಂದ ಇಷ್ಟು ಮಾತು ಕೇಳುವ ವಯಸ್ಸಲ್ಲ ನನ್ನದು. ಇಡೀ ಸಭೆಯ ಎದುರು ಸ್ವಂತ ತಮ್ಮನ ಮಾನ ತೆಗೆಯುವುದು ಪತ್ರದಲ್ಲಿ ಬರೆದಷ್ಟು ಸುಲಭವಲ್ಲ. ಮೈಕು ಹಿಡಿದಾಗ ಕೇಳಬೇಕೆಂದೇ ಎದ್ದಿದ್ದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಚಿಕ್ಕವನಿದ್ದಾಗ ತಪ್ಪು ಮಾಡಿ ಹಾಗೆಯೇ ನೋಡುತ್ತಿದ್ದ. ಬಾಯಿಗೆ ಬೇರೆ ಮಾತು ಬಂತು. ಇದಕ್ಕೆ ನೀನು ನನ್ನನ್ನು ಹೇಡಿ ಎಂದರೆ ಅನ್ನು. ನಿನ್ನ ತಾಯಿಯ ಗುರುತು ಹಿಡಿಯದಿದ್ದದ್ದಕ್ಕೆ ಮಾತ್ರ ನನಗೆ ನನ್ನ ಮೇಲೇ ಹೇಸಿಗೆಯಾಗಿದೆ. ಮನೆಗೆ ಬಂದು ನಿನ್ನ ಫೋಟೋ ಹುಡುಕಿ ತೆಗೆದು ನೋಡಿದೆ.

ಈಗ ಕೆಲಸದ ಮಾತು. ಸಪ್ನಾಳ ಪೂರ್ತಿ ಜವಾಬ್ದಾರಿ ನನಗೆ ಬಿಡಿ. ಸಂಸ್ಥೆ ಬೇಡ, ಸಂಜೀವ ಬೇಡ, ನೇರವಾಗಿ ಮಾಳವ್ವನ ಕೈಗೆ ಕಳಿಸುತ್ತೇನೆ. ಅವಳು ಓದುವಷ್ಟು ದಿನ ಓದಲಿ. ತಿಂಗಳಿಗೊಂದು ಪತ್ರ ಬರೆಯಲಿ, ನಾನು ತಿದ್ದಿ ಕಳಿಸುತ್ತೇನೆ. ಬೇಸಿಗೆ ರಜೆಗೆ ಇಲ್ಲಿಗೆ ಕರೆದುಕೊಂಡು ಬಾ, ನಾಲ್ಕು ದಿನ ನನ್ನ ಜೊತೆ ಇರಲಿ. ನನ್ನನ್ನು ಅಜ್ಜಿ ಎನ್ನಲಿ. ಒಳ್ಳೆಯ ಬಟ್ಟೆ ಉಡಿಸಿ ಫೋಟೋ ತೆಗೆಸಿ ಕಳಿಸಿ, ಆ ಕೊಟ್ಟಿಗೆಯ ಫೋಟೋವನ್ನು ಹರಿದು ಹಾಕುತ್ತೇನೆ.

ನೀನಂತೂ ನನ್ನವಳಾಗಿ ಉಳಿಯಲಿಲ್ಲ. ಅವಳಾದರೂ ಉಳಿಯಲಿ.

ಭಾಗೀರಥಿಬಾಯಿ


ಬೆಳ್ಳಟ್ಟಿ
14 ನವೆಂಬರ್ 2024

ಭಾಗೀರಥಿ ಬಾಯಾರಿಗೆ,

ನಿಮ್ಮ ಪತ್ರವನ್ನು ಸಂಘದ ಸಭೆಯಲ್ಲಿ ಓದಿದೆ. ಅವ್ವ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ. ಬೇಕಾದರೆ ತಿದ್ದಿಕೊಳ್ಳಿ.

"ಬಾಯಾರ, ನಿಮ್ಮ ಮನಸು ಕೆಟ್ಟದ್ದಲ್ಲ ಅಂತ ನನಗ ಗೊತ್ತೈತಿ. ಖರೆ ನನ್ನ ಮಗಳು ಯಾವತ್ತೂ ನಿಮ್ಮಾಕಿ ಆಗಿದ್ದಿಲ್ಲ. ಆಕಿ ನನ್ನಾಕಿ. ಸಪ್ನಾ ಮಾಳವ್ವನಾಕಿ. ಆಕಿ ಸೋಲಾಪುರಕ್ಕ ಬರೂದಿಲ್ಲ, ನಿಮ್ಮನ್ನ ಅಜ್ಜಿ ಅನ್ನೂದಿಲ್ಲ. ಆಕಿಗೆ ಆಕಿ ಅಜ್ಜಿ ಅದಾಳ. ಮಾಳವ್ವಗ ಸಂಘದಾಗ ಜೋಳ ಹಸನ ಮಾಡೂ ಕೆಲಸ ಕೊಟ್ಟೇವಿ. ಕುಂತು ಮಾಡೂ ಕೆಲಸ, ಆಕಿ ವಯಸ್ಸಿಗೆ ಅದು ಚಲೋ. ಮೊದಲ ಈ ಬುದ್ಧಿ ನಮಗ ಬರಬೇಕಿತ್ತು. ಯಾರರ ಕೊಡ್ತಾರ ಅಂತ ಕುಂತಿದ್ವಿ. ಸೋಮವಾರದಿಂದ ಸಪ್ನಾ ಸಾಲಿಗೆ ಹೊಂಟಾಳ. ನೀವು ಕೊಟ್ರೂ ಹೋಗ್ತಾಳ, ಕೊಡದಿದ್ರೂ ಹೋಗ್ತಾಳ. ಅದನ್ನ ಮೊದಲ ತಿಳಕೊಳ್ರಿ.

"ಆದ್ರ ಊರಾಗ ಇನ್ನೂ ಹುಡುಗ್ರು ಅದಾರ. ಕೊಡೂದು ನಿಮ್ಮ ಮನಸಿನಾಗ ಇದ್ರ ಸಂಘಕ್ಕ ಕೊಡ್ರಿ. ಯಾವ ಕೂಸಿಗೆ, ಎಷ್ಟು ದಿನ, ಯಾವಾಗ ಸಾಕು ಅನ್ನೂದು ನಾವು ಕುಂತು ಠರಾವ್ ಮಾಡ್ತೀವಿ. ಯಾವ ಕೂಸಿಂದೂ ಫೋಟೋ ಕಳಸೂದಿಲ್ಲ. ಯಾವ ಕೂಸಿನ ಕಡಿಂದನೂ ಪತ್ರ ಬರಸೂದಿಲ್ಲ. ಯಾರು ಕೊಟ್ರು ಅಂತ ಆ ಕೂಸಿಗೆ ಹೇಳೂದಿಲ್ಲ. ಹೇಳಿದ್ರ ಅದು ಮತ್ತ ನಿಮ್ಮ ಮುಂದ ಕೈಕಟ್ಟಿ ನಿಂದರತೈತಿ. ಇದು ನಿಮಗ ಒಪ್ಪಿಗಿ ಆದ್ರ ಚಲೋ. ಇಲ್ಲಂದ್ರ ನಿಮ್ಮ ಔಷಧ ತಗೋರಿ, ಮುಂದಕ ಹಾಕಬ್ಯಾಡ್ರಿ."

ಇಷ್ಟು ಅವ್ವನ ಮಾತು. ನನ್ನದು ಸ್ವಲ್ಪ ಇದೆ. ನಿಮ್ಮ ಕೆಂಪು ಶಾಯಿ ನನಗೆ ಮೊದಮೊದಲು ಸಿಟ್ಟು ತರಿಸುತ್ತಿತ್ತು. ಆಮೇಲೆ ಅದಕ್ಕೇ ಕಾಯುತ್ತಿದ್ದೆ, ಯಾಕೆಂದರೆ ನಾನು ಬರೆದದ್ದನ್ನು ಪೂರ್ತಿ ಓದುವವರು ನೀವೊಬ್ಬರೇ ಇದ್ದಿರಿ. ಆದರೆ ಆ ಪತ್ರಗಳು ನನ್ನವಾಗಿರಲಿಲ್ಲ. ಜೂನ್ ತಿಂಗಳಿಂದ ಈಚೆಗೆ ಬರೆದವು ಮಾತ್ರ ನನ್ನವು. ಇವುಗಳಲ್ಲೆಲ್ಲ ಬರೀ ಸಿಟ್ಟೇ ಇದೆ, ಅದಕ್ಕೆ ನಾನು ಕ್ಷಮೆ ಕೇಳುವುದಿಲ್ಲ.

ನೇತ್ರಾ


ಸೋಲಾಪುರ
2 ಡಿಸೆಂಬರ್ 2024

ಹುಚ್ಚವ್ವನವರಿಗೆ ಭಾಗೀರಥಿಬಾಯಿಯ ನಮಸ್ಕಾರ. ನೇತ್ರಾ ಓದಿ ಹೇಳಲಿ.

ನಿಮ್ಮ ಮಾತು ಓದಿ ಎರಡು ದಿನ ಕೆಂಡವಾಗಿದ್ದೆ. ಕೊಡುವವಳಿಗೇ ಷರತ್ತು ಹಾಕುವ ಇವರು ಯಾರು ಎಂದು ಒಬ್ಬಳೇ ಕೂತು ಬೈದೆ. ಇನ್ನೂ ಸಿಟ್ಟು ಇಳಿದಿಲ್ಲ, ಸುಳ್ಳು ಯಾಕೆ ಹೇಳಲಿ.

ಆದರೂ ಗದಗಕ್ಕೆ ಹೋಗಿದ್ದೆ. ಸಂಜೀವನ ಕಚೇರಿಯಲ್ಲಿ, ಅವನ ನೌಕರರೆಲ್ಲ ಇದ್ದಾಗಲೇ ಕೇಳಿದೆ. ಸಭೆಯಲ್ಲಿ ಆಡಬೇಕಾದ ಮಾತನ್ನು ಅಲ್ಲಿ ಆಡಿದೆ, ತಡವಾಗಿ. ದಾನಿಗಳ ಪಟ್ಟಿಯಿಂದ ನನ್ನ ಹೆಸರು ತೆಗೆಸಿದೆ. ತಂದೆಯವರ ಹೆಸರನ್ನು ಇನ್ನು ಮೈಕಿನಲ್ಲಿ ಹೇಳಬೇಡ ಎಂದೆ. ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಬೆಳ್ಳಟ್ಟಿಯ ಮಕ್ಕಳನ್ನು ವಾಪಸು ಸೇರಿಸಿಕೊಳ್ಳುತ್ತಾರೆ ಎಂದು ಮೌನೇಶ ಹೊರಗೆ ಬಂದು ಹೇಳಿದ. ಸೇರಿಸುವಾಗ ಮತ್ತೆ ಕೊಟ್ಟಿಗೆ ಮುಂದಿನ ಫೋಟೋ ಕೇಳಿದರೆ ಏನು ಹೇಳಬೇಕು ಎಂದು ನಿಮಗೆ ನಾನು ಕಲಿಸಬೇಕಾಗಿಲ್ಲ.

ನಿಮ್ಮ ಷರತ್ತು ಒಪ್ಪಿದ್ದೇನೆ. ಪ್ರತಿ ತಿಂಗಳು ಸಂಘದ ಹೆಸರಿಗೆ ಬರುತ್ತದೆ. ಎಲ್ಲಿ ಖರ್ಚಾಯಿತು ಎಂದು ಕೇಳುವುದಿಲ್ಲ.

ಸಪ್ನಾಗೆ ನನ್ನ ಹೆಸರು ಹೇಳಬೇಡಿ. ದೊಡ್ಡವಳಾಗಿ ತಾನೇ ಕೇಳಿದರೂ ಹೇಳಬೇಡಿ. ಅವಳಿಗೆ ಗೊತ್ತಾಗಲಿ, ಒಂದು ಸಲ ನೆನೆಯಲಿ ಎಂದು ನನಗೆ ಬಹಳ ಆಸೆಯಿದೆ. ಅದಕ್ಕೇ ಹೇಳಬೇಡಿ.

ಭಾಗೀರಥಿಬಾಯಿ